ಇರುಳ ಕಡಲಿನಲ್ಲಿ ಹಡಗಿನ ದೀಪಗಳು

ಹಿಂದಿನ ಚಳಿಗಾಲದ ರಜೆಯಲ್ಲಿ ನಾವು ಕೆಲವು ಮಂದಿ ವಿದ್ಯಾರ್ಥಿಗಳೊಡನೆ ಮಂಗಳೂರಿನ ಬಳಿಯ ಪಣಂಬೂರಿನ ಕಡಲ ತಡಿಗೆ ಹೋಗಿದ್ದೆವು. ಸೂರ್ಯನು ಮುಳುಗಿ ಒಂದು ಗಂಟೆಯ ಮೇಲಾಗಿತ್ತು. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಮೊದಲಾಯಿತು ಎಂಬುದು ತಿಳಿಯದಂತೆ ಕತ್ತಲು ಕವಿದಿತ್ತು. ದಿಗಂತವಿರಬೇಕಾದ ಎಡೆಯಲ್ಲಿ ಹತ್ತಾರು ಬೆಳಕಿನ ಚುಕ್ಕಿಗಳು ಕಾಣುತ್ತಿದ್ದವು. "ಇವುಗಳಲ್ಲಿ ನಕ್ಷತ್ರ ಯಾವುದು, ಹಡಗು ಯಾವುದು?" ಎಂದು ಒಬ್ಬ ವಿದ್ಯಾರ್ಥಿಯು ಕೇಳಿದನು. ಅವನ ಜೊತೆಯಲ್ಲಿದ್ದ ಹುಡುಗಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಹಡಗೇ ಎಂದಿಟ್ಟುಕೊಳ್ಳೋಣ, ಅದು ನಮ್ಮ ಕಡೆಗೆ ಬರುತ್ತಿದೆಯೋ, ದೂರ ಹೋಗುತ್ತಿದೆಯೋ, ಸುಮ್ಮನೆ ನಿಂತಿದೆಯೋ ತಿಳಿಯುವುದು ಹೇಗೆ?" ಎಂದಳು.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಪಡುವಣ ದಿಕ್ಕಿನ ನಕ್ಷತ್ರವು ನಿಂತಲ್ಲಿ ನಿಲ್ಲದೆ ನಾಲ್ಕು ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ, ಎಂದರೆ ಚಂದ್ರಬಿಂಬದ ಎರಡರಷ್ಟು, ಕೆಳಕ್ಕೆ ಇಳಿಯುತ್ತದೆ. ಹಡಗಿನ ದೀಪವು ದಿಗಂತವನ್ನು ಬಿಟ್ಟು ಏಳುವುದೂ ಇಲ್ಲ, ಇಳಿಯುವುದೂ ಇಲ್ಲ. ಎರಡನೆಯ ಪ್ರಶ್ನೆ ಹಾಗಲ್ಲ. ತಡಿಯಲ್ಲಿ ನಿಂತ ನಮಗೆ ಅದು ಬರಿಯ ಕುತೂಹಲದ ಮಾತು. ಕಡಲಿನ ಮೇಲಿರುವ ನಾವಿಕನಿಗೆ ಪ್ರಾಣದ ಮಾತು. ದೊಡ್ಡ ಹಡಗಿಗೆ ಮೋಟಾರು ಗಾಡಿಯಂತೆ ಥಟ್ಟನೆ ನಿಲ್ಲಿಸುವ ಬಿರಿ ಇಲ್ಲ. ಯಂತ್ರವನ್ನು ಹಿಮ್ಮುಖವಾಗಿ ತಿರುಗಿಸಿದರೂ ಅದು ಮೈಲಿಗಟ್ಟಲೆ ಮುಂದೆ ಸಾಗಿಯೇ ನಿಲ್ಲುವುದು. ಆದುದರಿಂದ ಎದುರಿನ ಹಡಗು ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ನಾವಿಕನು ದೂರದಿಂದಲೇ ಅರಿಯಬೇಕು. ಆ ಅರಿವಿಗೆ ಅವನ ಬಳಿಯಿರುವ ಹಳೆಯ ಸಾಧನವೆಂದರೆ ಹಡಗಿನ ದೀಪಗಳು.

ಇಲ್ಲಿ ಒಂದು ಮಾತನ್ನು ಮೊದಲೇ ತಿಳಿದುಕೊಳ್ಳಬೇಕು. ಗಾಡಿಯ ದೀಪವು ಗಾಡಿ ನಡೆಸುವವನಿಗೆ ದಾರಿಯನ್ನು ತೋರಿಸುತ್ತದೆ. ಹಡಗಿನ ಪಯಣದೀಪಗಳು ಕಡಲನ್ನು ಬೆಳಗುವುದಕ್ಕಾಗಿ ಇಟ್ಟವಲ್ಲ. ಅವು ಇತರರು ಓದಲೆಂದು ಕತ್ತಲೆಯ ಮೇಲೆ ಬರೆದ ಅಕ್ಷರಗಳು.

ಒಂದು ಚುಕ್ಕಿಯಿಂದ ತಿಳಿಯುವುದೆಷ್ಟು?

ಕತ್ತಲೆಯಲ್ಲಿ ಕಾಣುವ ಒಂಟಿ ಬಿಳಿಯ ಚುಕ್ಕಿಯು ದಿಕ್ಕೊಂದನ್ನು ಬಿಟ್ಟು ಮತ್ತೇನನ್ನೂ ಹೇಳಲಾರದು. ದೂರವನ್ನಂತೂ ಹೇಳಲೇ ಆರದು. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ ಎಂಬ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಒಂದು ಮೈಲಿ ದೂರದಲ್ಲಿರುವ 1 ಕ್ಯಾಂಡೆಲಾ ದೀಪವೂ ಮೂರು ಮೈಲಿ ದೂರದಲ್ಲಿರುವ 9 ಕ್ಯಾಂಡೆಲಾ ದೀಪವೂ, ಗಾಳಿಯ ಅಡ್ಡಿಯನ್ನು ಲೆಕ್ಕಿಸದಿದ್ದರೆ, ಕಣ್ಣಿಗೆ ಒಂದೇ ಸಮನಾಗಿ ಕಾಣುವುವು. ಹತ್ತಿರದ ದೋಣಿಯ ಮಂಕುದೀಪವನ್ನು ದೂರದ ಹಡಗೆಂದು ಭ್ರಮಿಸುವುದು ಇದರಿಂದಲೇ. ಹಗಲಿನಲ್ಲಿ ಹಡಗಿನ ಆಕಾರವೇ ಅದರ ಮೂತಿ ಎತ್ತ, ಬೆನ್ನು ಎತ್ತ ಎಂಬುದನ್ನು ಹೇಳುತ್ತದೆ. ಇರುಳಿನಲ್ಲಿ ಆಕಾರವು ಅಳಿದು ಚುಕ್ಕಿ ಮಾತ್ರ ಉಳಿಯುವುದು. ಆಕಾರವಿಲ್ಲದ ಚುಕ್ಕಿಗೆ ಮುಖವನ್ನು ಕೊಡುವುದು ಹೇಗೆ? ಇದೇ ಬಗೆಹರಿಯಬೇಕಾಗಿದ್ದ ಸಮಸ್ಯೆ.

ಹಾಯಿ ಹಡಗುಗಳ ಕಾಲದಲ್ಲಿ ಗಾಳಿ ಬೀಸುವ ದಿಕ್ಕನ್ನು ನೋಡಿ ಹಡಗಿನ ನಡೆಯನ್ನು ಅಷ್ಟಿಷ್ಟು ಊಹಿಸಬಹುದಾಗಿತ್ತು. ಹಬೆಯ ಹಡಗುಗಳು ಬಂದ ಮೇಲೆ ಈ ಊಹೆಗೆ ನೆಲೆ ತಪ್ಪಿತು. ಅವು ಗಾಳಿಯನ್ನು ಕೇಳದೆ ಬೇಕಾದತ್ತ ಹೋಗುವಂಥವು. 1848ರಲ್ಲಿ ಬ್ರಿಟನ್ನಿನ ನೌಕಾ ಆಡಳಿತವು ಹಬೆಯ ಹಡಗುಗಳು ಕೂವೆಕಂಬದ ಮೇಲೆ ಬಿಳಿಯ ದೀಪವನ್ನೂ ಬಲಮಗ್ಗುಲಿಗೆ ಹಸುರು ದೀಪವನ್ನೂ ಎಡಮಗ್ಗುಲಿಗೆ ಕೆಂಪು ದೀಪವನ್ನೂ ಇಡಬೇಕೆಂದು ವಿಧಿಸಿತು. 1858ರಲ್ಲಿ ಬಣ್ಣದ ದೀಪಗಳು ಹಾಯಿ ಹಡಗುಗಳಿಗೂ ಬಂದುವು. 1863ರಲ್ಲಿ ಬ್ರಿಟನ್ನೂ ಫ್ರಾನ್ಸೂ ಒಂದೇ ನಿಯಮಾವಳಿಯನ್ನು ಒಪ್ಪಿಕೊಂಡುವು. 1889ರಲ್ಲಿ ವಾಷಿಂಗ್ಟನ್ನಿನಲ್ಲಿ ಹಲವು ರಾಷ್ಟ್ರಗಳು ಸೇರಿ ಅದನ್ನು ವಿಚಾರಮಾಡಿದುವು. ಈಗ ಜಗತ್ತಿನ ಕಡಲುಗಳಲ್ಲೆಲ್ಲ ನಡೆಯುತ್ತಿರುವುದು 1972ರಲ್ಲಿ ರೂಪುಗೊಂಡು 1977ರ ಜುಲೈ 15ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಾವಳಿ. ಭಾರತದ ಹಡಗುಗಳಿಗೂ ಅದೇ ಕಟ್ಟಳೆ.

ಬೆಳಕಿನ ಕೋನಗಳು

ಈ ಏರ್ಪಾಡಿನ ಜಾಣತನವೆಲ್ಲ ಬಣ್ಣದಲ್ಲಿ ಎಷ್ಟಿದೆಯೋ ಕೋನದಲ್ಲಿಯೂ ಅಷ್ಟೇ ಇದೆ. ಹಸುರು ದೀಪವು ಸುತ್ತಲೂ ಕಾಣುವಂಥದಲ್ಲ. ಹಡಗಿನ ನೇರ ಮುಂದಿನ ದಿಕ್ಕಿನಿಂದ ತೊಡಗಿ ಬಲಗಡೆಗೆ 112.5 ಡಿಗ್ರಿಯವರೆಗೆ ಮಾತ್ರ ಅದರ ಬೆಳಕು ಹರಡುತ್ತದೆ. ಕೆಂಪು ದೀಪವು ಎಡಗಡೆಗೆ ಅಷ್ಟೇ ಕೋನವನ್ನು ಆವರಿಸುತ್ತದೆ. ಕೂವೆಕಂಬದ ಬಿಳಿಯ ದೀಪಕ್ಕೆ ಇವೆರಡೂ ಕೂಡಿದ 225 ಡಿಗ್ರಿ. ಉಳಿದ 135 ಡಿಗ್ರಿಗಳು ಹಡಗಿನ ಹಿಂಭಾಗದ ಬಿಳಿಯ ದೀಪಕ್ಕೆ ಸೇರಿದವು. 225ಕ್ಕೆ 135ನ್ನು ಕೂಡಿದರೆ 360, ವೃತ್ತವು ತುಂಬಿತು. ಅರ್ಧ ಡಿಗ್ರಿಗಳುಳ್ಳ ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂದಿತೆಂದು ಓದುಗರು ಕೇಳಬಹುದು. ಹಿಂದೆ ದಿಕ್ಸೂಚಿಯ ಬಿಲ್ಲೆಯನ್ನು 32 ಮನೆಗಳಾಗಿ ವಿಭಾಗಿಸುತ್ತಿದ್ದರು. ಒಂದೊಂದು ಮನೆಗೂ 11.25 ಡಿಗ್ರಿ. ಬಣ್ಣದ ದೀಪಗಳಿಗೆ ಹತ್ತು ಹತ್ತು ಮನೆ, ಹಿಂದಿನ ದೀಪಕ್ಕೆ ಹನ್ನೆರಡು ಮನೆ.

ಮಗ್ಗುಲಿನ ದೀಪಗಳ ಒಳಬದಿಗೆ ಒಂದೊಂದು ಮರೆಹಲಗೆಯನ್ನು ಇಟ್ಟು, ಅದಕ್ಕೆ ಹೊಳಪಿಲ್ಲದ ಕಪ್ಪು ಬಣ್ಣವನ್ನು ಬಳಿಯುತ್ತಾರೆ. ಹೊಳಪಿದ್ದರೆ ಬೆಳಕು ಪ್ರತಿಫಲಿಸಿ ಕೆಂಪು ಬಲಕ್ಕೂ ಹಸುರು ಎಡಕ್ಕೂ ಚೆಲ್ಲಿ ಸುಳ್ಳು ಹೇಳೀತು. ಇಲ್ಲಿ ಕತ್ತಲೆಗೂ ಬೆಳಕಿನಷ್ಟೇ ಬೆಲೆ. ದೀಪವು ಎಲ್ಲಿ ಕಾಣಬೇಕೆಂಬುದರಂತೆ ಎಲ್ಲಿ ಕಾಣಬಾರದೆಂಬುದೂ ಸಂದೇಶದ ಒಂದು ಭಾಗ.

ಈಗ ಓದುವ ಕ್ರಮವನ್ನು ನೋಡೋಣ. ಬಿಳಿಯ ದೀಪದ ಕೆಳಗೆ ಹಸುರೂ ಕೆಂಪೂ ಎರಡೂ ಕಂಡರೆ ಆ ಹಡಗು ನೇರವಾಗಿ ನಮ್ಮತ್ತ ಬರುತ್ತಿದೆ. ಆಗ ಎರಡು ಯಂತ್ರದ ಹಡಗುಗಳೂ ಬಲಕ್ಕೆ ತಿರುಗಬೇಕು; ಒಂದರ ಎಡಮಗ್ಗುಲಿನ ಪಕ್ಕದಲ್ಲಿ ಮತ್ತೊಂದರ ಎಡಮಗ್ಗುಲು ಹಾದುಹೋಗುವುದು. ಕೆಂಪು ಮಾತ್ರ ಕಂಡರೆ ನಾವು ನೋಡುತ್ತಿರುವುದು ಅದರ ಎಡಮಗ್ಗುಲನ್ನು. ಎಂದರೆ ಅದು ನಮ್ಮ ಕಣ್ಣಿಗೆ ಬಲದಿಂದ ಎಡಕ್ಕೆ ಮುಖ ಮಾಡಿದೆ. ಹಸುರು ಮಾತ್ರ ಕಂಡರೆ ಎಡದಿಂದ ಬಲಕ್ಕೆ. ಬಣ್ಣವೇ ಇಲ್ಲದೆ ಒಂದು ಬಿಳಿಯ ದೀಪ ಮಾತ್ರ ಕಂಡರೆ ನಾವು ಅದರ ಬೆನ್ನಿನ ಕಡೆಗಿರಬಹುದು. ಹಿಂದಿನ 135 ಡಿಗ್ರಿಗಳ ಒಳಗಿನಿಂದ ಬರುವ ಹಡಗನ್ನು ನಿಯಮವು ಹಿಂದೆ ಹಾಕಿ ಹೋಗುವ ಹಡಗೆಂದು ಕರೆಯುತ್ತದೆ. ದಾರಿ ಬಿಡುವ ಹೊಣೆ ಅದರದೇ. ನಿಯಮದ ಗಡಿಯೂ ದೀಪದ ಬೆಳಕಿನ ಗಡಿಯೂ ಒಂದೇ ಆಗಿರುವುದನ್ನು ಗಮನಿಸಬೇಕು.

ಎರಡು ಯಂತ್ರದ ಹಡಗುಗಳ ದಾರಿಗಳು ಒಂದನ್ನೊಂದು ಅಡ್ಡಹಾಯುವಾಗ, ಯಾವುದು ತನ್ನ ಬಲಗಡೆಯಲ್ಲಿ ಮತ್ತೊಂದನ್ನು ಕಾಣುತ್ತದೆಯೋ ಅದು ದಾರಿ ಬಿಡಬೇಕು. ಬಲಗಡೆಯಿಂದ ಅಡ್ಡ ಬರುವ ಹಡಗು ನಮಗೆ ತೋರಿಸುವುದು ತನ್ನ ಎಡಮಗ್ಗುಲಿನ ಕೆಂಪು ದೀಪವನ್ನು. ಆ ಹಡಗಿನವರಿಗೆ ನಾವು ಎಡಗಡೆಯಲ್ಲಿ ಕಾಣುವೆವು. ಅವರಿಗೆ ಕಾಣುವುದು ನಮ್ಮ ಹಸುರು. ಕೆಂಪು ಕಂಡವನು ದಾರಿ ಬಿಡಬೇಕು. ಹಸುರು ಕಂಡವನು ತನ್ನ ದಿಕ್ಕನ್ನೂ ವೇಗವನ್ನೂ ಬದಲಿಸದೆ ಹೋಗಬೇಕು. ಒಂದು ಮಾತನ್ನೂ ಆಡದೆ ಇಬ್ಬರು ಅಪರಿಚಿತರು ಕತ್ತಲೆಯಲ್ಲಿ ಮಾಡಿಕೊಳ್ಳುವ ಒಪ್ಪಂದವಿದು.

ಕೂವೆಕಂಬದ ಎರಡು ದೀಪಗಳು

ಉದ್ದದಲ್ಲಿ 50 ಮೀಟರಿಗೆ ಕಡಿಮೆಯಿಲ್ಲದ ಯಂತ್ರದ ಹಡಗು ಮುಂದೊಂದು, ಹಿಂದೊಂದು ಹೀಗೆ ಎರಡು ಬಿಳಿಯ ಕಂಬದೀಪಗಳನ್ನು ಹೊತ್ತಿರಬೇಕು. ಹಿಂದಿನದು ಮುಂದಿನದಕ್ಕಿಂತ ಕನಿಷ್ಠ 4.5 ಮೀಟರು ಎತ್ತರದಲ್ಲಿರಬೇಕು. ಅವೆರಡರ ನಡುವಣ ಅಡ್ಡದೂರವು ಹಡಗಿನ ಉದ್ದದ ಅರ್ಧಕ್ಕೆ ಕಡಿಮೆಯಿರಬಾರದು. ಆದರೆ 100 ಮೀಟರನ್ನು ಮೀರಬೇಕಾಗಿಲ್ಲ. ತಗ್ಗಿನ ದೀಪವು ಯಾವ ಕಡೆಗಿದೆಯೋ ಹಡಗಿನ ಮೂತಿಯು ಆ ಕಡೆಗಿದೆ. ಬಣ್ಣದ ದೀಪಗಳು ಕಾಣದಷ್ಟು ದೂರದಲ್ಲಿಯೂ ಇದು ತಿಳಿಯುತ್ತದೆ.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ಹಡಗು ತಿರುಗಿದಂತೆಲ್ಲ ಎರಡು ದೀಪಗಳ ಅಡ್ಡದೂರವು ಕಣ್ಣಿಗೆ ಹಿಗ್ಗಿ ಕುಗ್ಗುತ್ತದೆ. ಪೂರ್ಣ ಮಗ್ಗುಲಾಗಿರುವಾಗ ಅತಿ ಹೆಚ್ಚು, ನೇರ ಎದುರಾಗಿರುವಾಗ ಸೊನ್ನೆ. ಆದರೆ ಎತ್ತರದ ಅಂತರವು ಹಡಗು ತಿರುಗಿದ ಮಾತ್ರಕ್ಕೆ ಬದಲಾಗದು. ಆದುದರಿಂದ ಇವೆರಡರ ಪ್ರಮಾಣವನ್ನು ನೋಡುತ್ತಿದ್ದರೆ ದೂರವು ತಿಳಿಯದಿದ್ದರೂ ತಿರುವು ತಿಳಿಯುವುದು. ಎರಡು ದೀಪಗಳು ಒಂದರ ಮೇಲೊಂದು ಬಂದು ನಿಂತುವೆಂದರೆ ಹಡಗು ನಮ್ಮ ಮೇಲೆಯೇ ಬರುತ್ತಿದೆ ಎಂದರ್ಥ.

ಎಷ್ಟು ದೂರಕ್ಕೆ, ಎಷ್ಟು ಹೊತ್ತು?

50 ಮೀಟರು ಮತ್ತು ಅದಕ್ಕಿಂತ ಉದ್ದದ ಹಡಗಿನ ಕಂಬದೀಪವು 6 ನಾವಿಕ ಮೈಲಿಗಳಿಗೂ, ಮಗ್ಗುಲಿನ ದೀಪಗಳು ಮತ್ತು ಹಿಂದಿನ ದೀಪವು 3 ಮೈಲಿಗಳಿಗೂ ಕಾಣಬೇಕೆಂಬುದು ನಿಯಮ. ಒಂದು ನಾವಿಕ ಮೈಲಿಯೆಂದರೆ 1,852 ಮೀಟರು. ನಿಯಮಾವಳಿಯು ಇದನ್ನು ಬಾಯಿಮಾತಿಗೆ ಬಿಡದೆ ಭೌತಶಾಸ್ತ್ರದ ಲೆಕ್ಕಕ್ಕೆ ತಂದಿದೆ. ಕಣ್ಣಿನ ಮೇಲೆ ಬೀಳುವ ಬೆಳಕು ಒಂದು ಲಕ್ಸ್‌ನ ಕೋಟಿ ಭಾಗಗಳಲ್ಲಿ ಎರಡು ಭಾಗದಷ್ಟಿದ್ದರೆ ದೀಪವು ಕಾಣುವುದೆಂದು ಅಲ್ಲಿ ಹಿಡಿದಿದ್ದಾರೆ. ಹುಣ್ಣಿಮೆಯ ಬೆಳದಿಂಗಳಿನ ಸುಮಾರು ಹತ್ತು ಲಕ್ಷದ ಒಂದು ಪಾಲು! ಗಾಳಿಯು ಪ್ರತಿಯೊಂದು ಮೈಲಿಗೂ ಬೆಳಕಿನ 80 ಪಾಲನ್ನು ದಾಟಗೊಟ್ಟು 20 ಪಾಲನ್ನು ನುಂಗುವುದೆಂದೂ ಎಣಿಸಿದ್ದಾರೆ. ಈ ಲೆಕ್ಕದಂತೆ 3 ಮೈಲಿಗೆ 12 ಕ್ಯಾಂಡೆಲಾ ಸಾಕು. 6 ಮೈಲಿಗೆ 94 ಕ್ಯಾಂಡೆಲಾ ಬೇಕು. ದೂರದ ವರ್ಗವನ್ನು ಮಾತ್ರ ನೋಡಿದರೆ ನಾಲ್ಕು ಪಟ್ಟು ಸಾಲಬೇಕಾಗಿತ್ತು. ಗಾಳಿಯು ನುಂಗುವುದರಿಂದ ಅದು ಸುಮಾರು ಎಂಟು ಪಟ್ಟಾಯಿತು. ಹವೆಯು ಮಂಜಿನಿಂದಲೋ ಮಳೆಯಿಂದಲೋ ಕೆಟ್ಟರೆ ದೀಪದ ಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನ ಅಲ್ಪವೆಂಬುದು ಇದರಿಂದ ಹೊಳೆಯುತ್ತದೆ.

ಬಣ್ಣದ ಗಾಜು ಬಿಳಿಯ ಬೆಳಕಿನ ಬಹುಭಾಗವನ್ನು ಹೀರಿಕೊಂಡು ತನ್ನ ಬಣ್ಣವನ್ನು ಮಾತ್ರ ಹೊರಕ್ಕೆ ಬಿಡುತ್ತದೆ. ಅದೇ ಶಕ್ತಿಯ ದೀಪವು ಬಣ್ಣದ ಗಾಜಿನ ಹಿಂದೆ ಹೆಚ್ಚು ದೂರ ಕಾಣದಿರಲು ಕಾರಣವಿದು. ನೀಲಿ ಗಾಜನ್ನು ಏಕೆ ಆರಿಸಲಿಲ್ಲವೆಂದರೆ, ಆ ಕಾಲದ ಎಣ್ಣೆಯ ದೀಪಗಳಲ್ಲಿ ನೀಲಿಯ ಅಂಶವೇ ಬಹು ಕಡಿಮೆ; ಅದರಲ್ಲಿಯೂ ಗಾಳಿಯು ನೀಲಿಯನ್ನು ಕೆಂಪಿಗಿಂತ ಹೆಚ್ಚಾಗಿ ಚದರಿಸುತ್ತದೆ. ಕೆಂಪು ಮತ್ತು ಹಸುರುಗಳನ್ನು ಬೇರ್ಪಡಿಸಿ ನೋಡಲಾರದ ಕಣ್ಣುಳ್ಳವರೂ ಉಂಟು. ಅಂಥವರಿಗೆ ಈ ಅಕ್ಷರಗಳು ಓದಲು ಬಾರವಾದ್ದರಿಂದ ಹಡಗಿನ ಕಾವಲಿಗೆ ನಿಲ್ಲುವವರ ವರ್ಣದೃಷ್ಟಿಯನ್ನು ಮೊದಲೇ ಪರೀಕ್ಷಿಸುತ್ತಾರೆ.

ಮೇಲೆ ಹೇಳಿದ 4.5 ಮೀಟರಿನ ಅಂತರವನ್ನೂ ಇಲ್ಲಿ ಅಳೆದು ನೋಡಬಹುದು. 6 ಮೈಲಿ, ಎಂದರೆ 11,112 ಮೀಟರು ದೂರದಿಂದ 4.5 ಮೀಟರು ಕಣ್ಣಿನಲ್ಲಿ ಮಾಡುವ ಕೋನವು ಸುಮಾರು 1.4 ಕಲೆ. ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕೆ ಕಲೆ ಎಂದು ಹೆಸರು. ಒಳ್ಳೆಯ ಕಣ್ಣು ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ಅವುಗಳ ನಡುವೆ ಸುಮಾರು ಒಂದು ಕಲೆಯಾದರೂ ಇರಬೇಕು. ದೀಪವು ಕಾಣಲೇಬೇಕಾದ ದೂರದಲ್ಲಿ ಮೇಲು-ಕೆಳಗಿನ ಅಂತರವೂ ಕಣ್ಣಿಗೆ ಎಟುಕುವಂತಿದೆ.

ಇನ್ನು ಕಾಲದ ಲೆಕ್ಕ. ಗಂಟೆಗೆ 15 ನಾವಿಕ ಮೈಲಿಗಳ ವೇಗದ ಎರಡು ಹಡಗುಗಳು ಎದುರುಬದುರಾಗಿ ಬರುತ್ತಿದ್ದರೆ ಅವು ಗಂಟೆಗೆ 30 ಮೈಲಿಯಂತೆ, ಎರಡು ನಿಮಿಷಕ್ಕೆ ಒಂದು ಮೈಲಿಯಂತೆ ಹತ್ತಿರವಾಗುವುವು. ಕಂಬದೀಪ ಕಂಡಾಗ ಉಳಿದಿರುವುದು 12 ನಿಮಿಷ. ಬಣ್ಣ ಕಂಡಾಗ ಉಳಿದಿರುವುದು 6 ನಿಮಿಷ. ಉದ್ದದಲ್ಲಿ 12 ಮೀಟರಿಗೆ ಕಡಿಮೆಯಾದ ದೋಣಿಯ ಬಣ್ಣದ ದೀಪವು ಒಂದು ಮೈಲಿಗೆ ಕಂಡರೆ ಸಾಕೆಂದಿದೆ. ಅಂಥ ದೋಣಿಯು 8 ಮೈಲಿ ವೇಗದಲ್ಲಿ 15 ಮೈಲಿ ವೇಗದ ಹಡಗಿಗೆ ಎದುರಾದರೆ ಬಣ್ಣವನ್ನು ಓದಿ, ಆಲೋಚಿಸಿ, ತಿರುಗಲು ಇಬ್ಬರಿಗೂ ಸಿಗುವ ಅವಕಾಶ ಮೂರು ನಿಮಿಷಕ್ಕೂ ಕಡಿಮೆ.

ಬೇರೆ ಬೇರೆ ಗುರುತುಗಳು

ಮೇಲಿನ ದೀಪಗಳು ಹಡಗಿನ ಮುಖವನ್ನು ಹೇಳಿದರೆ ಮತ್ತೆ ಕೆಲವು ದೀಪಗಳು ಅದರ ಕಸುಬನ್ನೂ ಕಷ್ಟವನ್ನೂ ಹೇಳುತ್ತವೆ. ಇವು ಸುತ್ತಲೂ ಕಾಣುವ ದೀಪಗಳು. ಒಂದರ ಕೆಳಗೊಂದಾಗಿ ತೂಗುವಂಥವು. ಹಸುರಿನ ಕೆಳಗೆ ಬಿಳಿ ಇದ್ದರೆ ಆ ದೋಣಿಯು ಟ್ರಾಲ್ ಬಲೆಯನ್ನು ನೀರಿನಲ್ಲಿ ಎಳೆಯುತ್ತಿದೆ. ಕೆಂಪಿನ ಕೆಳಗೆ ಬಿಳಿ ಇದ್ದರೆ ಬೇರೆ ಬಗೆಯ ಮೀನುಗಾರಿಕೆ. ಮಲ್ಪೆ, ಮಂಗಳೂರು, ಕಾರವಾರಗಳಿಂದ ಹೊರಡುವ ಮೀನುದೋಣಿಗಳಿಗೂ ಈ ಗುರುತುಗಳೇ. ಬಲೆ ಬಿಟ್ಟ ದೋಣಿಯು ಸುಲಭವಾಗಿ ಅತ್ತಿತ್ತ ತಿರುಗಲಾರದಾದ್ದರಿಂದ ಸಾಮಾನ್ಯ ಯಂತ್ರದ ಹಡಗು ಅದಕ್ಕೆ ದಾರಿ ಬಿಡಬೇಕು. ಎರಡು ಕೆಂಪು ದೀಪಗಳೆಂದರೆ ಹಡಗು ಚುಕ್ಕಾಣಿಗನ ಹಿಡಿತದಲ್ಲಿಲ್ಲ. ಕೆಂಪು, ಬಿಳಿ, ಕೆಂಪು ಎಂದರೆ ಮಾಡುತ್ತಿರುವ ಕೆಲಸದ ದೆಸೆಯಿಂದ ಅದು ತಿರುಗಲಾರದು. ಬಿಳಿಯ ಕೆಳಗೆ ಕೆಂಪು ಎಂದರೆ ಬಂದರಿನ ದಾರಿ ತೋರುವ ಪೈಲಟ್ ದೋಣಿ. ಕೆಂಪು ಅಥವಾ ಹಸುರಿದ್ದು ಮೇಲೆ ಬಿಳಿಯ ಕಂಬದೀಪವೇ ಇಲ್ಲದಿದ್ದರೆ ಅದು ಹಾಯಿ ಹಡಗು.

ಪಣಂಬೂರಿನಲ್ಲಿ ನಾವು ಕಂಡ ಚುಕ್ಕಿಗಳಲ್ಲಿ ಬಹಳಷ್ಟು ಬಂದರಿನ ಸರದಿಗಾಗಿ ಲಂಗರು ಹಾಕಿ ನಿಂತ ಹಡಗುಗಳವು. ಲಂಗರಿನ ಹಡಗು ಮುಂಭಾಗದಲ್ಲಿ ಒಂದು ಬಿಳಿಯ ದೀಪವನ್ನೂ ಹಿಂಭಾಗದಲ್ಲಿ ಅದಕ್ಕಿಂತ ತಗ್ಗಾಗಿ ಇನ್ನೊಂದನ್ನೂ ತೋರಿಸುತ್ತದೆ. ಚಲಿಸುವ ಹಡಗಿನಲ್ಲಿ ತಗ್ಗಿನ ದೀಪ ಮುಂದೆ. ನಿಂತ ಹಡಗಿನಲ್ಲಿ ತಗ್ಗಿನ ದೀಪ ಹಿಂದೆ. 100 ಮೀಟರಿಗಿಂತ ಉದ್ದದ ಹಡಗಾದರೆ ಲಂಗರು ಹಾಕಿದಾಗ ಮೇಲ್ಕಟ್ಟನ್ನೂ ಬೆಳಗಿಸಿರಬೇಕು. ಎಲ್ಲಕ್ಕಿಂತ ಕಠಿನವಾದುದು ಒಂಟಿ ಬಿಳಿಯ ದೀಪ. ಅದು ದೂರ ಹೋಗುವ ಹಡಗಿನ ಬೆನ್ನಾಗಿರಬಹುದು. ಲಂಗರಿನ ಸಣ್ಣ ಹಡಗಾಗಿರಬಹುದು. ಬಣ್ಣ ಇನ್ನೂ ಕಾಣದ, ನಮ್ಮತ್ತ ಬರುವ ಹಡಗಾಗಿರಬಹುದು. ಒಂದು ನೋಟದಿಂದ ಇದು ಬಗೆಹರಿಯದು; ನೋಡುತ್ತಲೇ ಇರಬೇಕು.

ಅಲುಗದ ದೀಪವೇ ಅಪಾಯ

ಏನನ್ನು ನೋಡುತ್ತಿರಬೇಕು? ದೀಪದ ದಿಕ್ಕನ್ನು. ಎರಡು ಹಡಗುಗಳು ನೆಟ್ಟನೆಯ ದಾರಿಯಲ್ಲಿ ಒಂದೇ ವೇಗದಿಂದ ಸಾಗಿ ಒಂದು ಬಿಂದುವಿನಲ್ಲಿ ಒಟ್ಟಿಗೆ ಸೇರಲಿರುವುವೆಂದು ಭಾವಿಸೋಣ. ಯಾವ ಗಳಿಗೆಯಲ್ಲಾದರೂ ಎರಡು ಹಡಗುಗಳನ್ನೂ ಆ ಬಿಂದುವನ್ನೂ ಕೂಡಿಸಿ ತ್ರಿಕೋನವನ್ನು ಬರೆದರೆ, ಹತ್ತು ನಿಮಿಷದ ಮುಂಚಿನ ತ್ರಿಕೋನವೂ ಐದು ನಿಮಿಷದ ಮುಂಚಿನ ತ್ರಿಕೋನವೂ ಸಮರೂಪವಾಗಿರುವುವು. ಬಾಹುಗಳು ಕುಗ್ಗುವುವು, ಕೋನಗಳು ಬದಲಾಗವು. ಎಂದರೆ ಡಿಕ್ಕಿಯ ದಾರಿಯಲ್ಲಿರುವ ಹಡಗಿನ ದೀಪವು ದಿಕ್ಸೂಚಿಯ ಲೆಕ್ಕದಲ್ಲಿ ಒಂದೇ ದಿಕ್ಕಿನಲ್ಲಿ ಅಲುಗದೆ ನಿಂತು, ಮೆಲ್ಲಮೆಲ್ಲನೆ ಪ್ರಖರವಾಗುತ್ತ ಹೋಗುವುದು. ನಮ್ಮ ಕಣ್ಣಾದರೋ ಸಹಜವಾಗಿ ಅಲುಗುವ ವಸ್ತುವಿನತ್ತ ತಿರುಗುವುದು. ಅಲುಗದುದನ್ನು ನಿರಪಾಯವೆಂದು ಮರೆಯುವುದು. ಕಡಲಿನಲ್ಲಿ ಈ ಸ್ವಭಾವವೇ ಮೋಸಮಾಡುತ್ತದೆ. ಆದುದರಿಂದ ದಿಕ್ಕು ಎದ್ದು ಕಾಣುವಂತೆ ಬದಲಾಗದಿದ್ದರೆ ಡಿಕ್ಕಿಯ ಅಪಾಯವಿದೆಯೆಂದೇ ಭಾವಿಸಬೇಕೆಂದು ನಿಯಮವು ಹೇಳುತ್ತದೆ. ಅತಿ ದೊಡ್ಡ ಹಡಗು ತೀರ ಹತ್ತಿರದಲ್ಲಿದ್ದರೆ ದಿಕ್ಕು ಬದಲಾಗುತ್ತಿದ್ದರೂ ಅಪಾಯ ತಪ್ಪಿತೆನ್ನಲಾಗದು.

ದೀಪಗಳಿದ್ದರೆ ಸಾಲದು, ಓದುವವರೂ ಇರಬೇಕು ಎಂಬುದಕ್ಕೆ ಈಚಿನ ಒಂದು ಘಟನೆ ಸಾಕ್ಷಿ. 2017ರ ಜೂನ್ 17ರಂದು ನಡುರಾತ್ರಿ ಕಳೆದು ಒಂದೂವರೆ ಗಂಟೆಯ ಹೊತ್ತಿಗೆ, ಜಪಾನಿನ ತೀರದಾಚೆ, ಅಮೆರಿಕದ ಯುದ್ಧನೌಕೆ ಫಿಟ್ಜ್‌ಜೆರಾಲ್ಡಿಗೂ ಎಸಿಎಕ್ಸ್ ಕ್ರಿಸ್ಟಲ್ ಎಂಬ ಸರಕು ಹಡಗಿಗೂ ಡಿಕ್ಕಿಯಾಯಿತು. ಮಂಜಿರಲಿಲ್ಲ, ನೋಟಕ್ಕೆ ಅಡ್ಡಿಯಿರಲಿಲ್ಲ. ಸರಕು ಹಡಗು ಬಂದದ್ದು ಯುದ್ಧನೌಕೆಯ ಬಲಗಡೆಯಿಂದ. ಮೇಲೆ ಹೇಳಿದ ನಿಯಮದಂತೆ ದಾರಿ ಬಿಡಬೇಕಾಗಿದ್ದುದು ಯುದ್ಧನೌಕೆ. ಅಮೆರಿಕದ ನೌಕಾಪಡೆಯ ತನಿಖೆಯೂ ಹಾಗೆಯೇ ಹೇಳಿತು. ಹೊಡೆತವು ನೌಕೆಯ ಬಲಮಗ್ಗುಲಿಗೆ ಬಿದ್ದು, ನೀರು ನುಗ್ಗಿದ ಕೋಣೆಗಳಲ್ಲಿ ಏಳು ಮಂದಿ ನಾವಿಕರು ಪ್ರಾಣ ಕಳೆದುಕೊಂಡರು. ಬಲ್ಲಿದ ಯಂತ್ರೋಪಕರಣಗಳೆಲ್ಲ ಇದ್ದ ನೌಕೆಯದು.

ಇಂದು ರೇಡಾರ್ ಇದೆ. ಅಂತರರಾಷ್ಟ್ರೀಯ ಯಾನದ ದೊಡ್ಡ ಹಡಗುಗಳೆಲ್ಲ ತಮ್ಮ ಹೆಸರು, ನೆಲೆ, ವೇಗಗಳನ್ನು ತಾವಾಗಿಯೇ ರೇಡಿಯೋ ಮೂಲಕ ಸಾರುವ ಏರ್ಪಾಡೂ ಇದೆ. ಆದರೂ ದೀಪಗಳು ಆರಿಲ್ಲ. ಸಣ್ಣ ದೋಣಿಯು ರೇಡಾರಿನಲ್ಲಿ ಅಲೆಗಳ ನಡುವೆ ಮರೆಯಾಗಬಹುದು. ರೇಡಿಯೋ ಸಾಧನವು ಅದರಲ್ಲಿ ಇಲ್ಲದಿರಬಹುದು. ನೋಡಿಯೂ ಕೇಳಿಯೂ ಸದಾ ಕಾವಲಿರಬೇಕೆಂಬ ವಿಧಿಯನ್ನು ಯಾವ ಯಂತ್ರವೂ ರದ್ದುಮಾಡಿಲ್ಲ.

ಓದುಗರು ಇದನ್ನು ತಮ್ಮ ಮನೆಯಂಗಳದಲ್ಲಿಯೇ ಪರೀಕ್ಷಿಸಬಹುದು. ಒಂದು ರಟ್ಟಿನ ಪೆಟ್ಟಿಗೆಯ ಎಡಮಗ್ಗುಲಿಗೆ ಕೆಂಪು ಕಾಗದ ಸುತ್ತಿದ ಪುಟ್ಟ ದೀಪವನ್ನೂ ಬಲಮಗ್ಗುಲಿಗೆ ಹಸುರು ದೀಪವನ್ನೂ ಕಟ್ಟಿ, ಒಳಬದಿಗೆ ಕರಿಯ ರಟ್ಟಿನ ಮರೆಯನ್ನು ನಿಲ್ಲಿಸಿರಿ. ಮೇಲೆ ಎರಡು ಕಡ್ಡಿಗಳನ್ನು ನೆಟ್ಟು, ಹಿಂದಿನದು ಎತ್ತರವಾಗಿರುವಂತೆ ಎರಡು ಬಿಳಿಯ ದೀಪಗಳನ್ನು ತೂಗಿರಿ. ಅಮಾವಾಸ್ಯೆಯ ಇರುಳಿನಲ್ಲಿ ಗೆಳೆಯನೊಬ್ಬನು ಅದನ್ನು ಹಿಡಿದು ಐವತ್ತು ಹೆಜ್ಜೆ ದೂರದಲ್ಲಿ ಅತ್ತಿತ್ತ ನಡೆಯಲಿ. ಅವನ ಮುಖ ಯಾವ ಕಡೆಗಿದೆ, ಅವನು ದಾರಿ ಬಿಡಬೇಕೇ ನೀವು ಬಿಡಬೇಕೇ ಎಂದು ಹೇಳಿ ನೋಡಿರಿ. ಮೊದಮೊದಲು ತಪ್ಪುವುದು, ಹತ್ತು ಸಲದ ಮೇಲೆ ತಪ್ಪದು.

ಪಣಂಬೂರಿನಿಂದ ನಾವು ಹಿಂದಿರುಗುವ ಹೊತ್ತಿಗೆ ಆ ಹುಡುಗಿಯು ಒಂದು ಚುಕ್ಕಿಯನ್ನು ತೋರಿಸಿ, "ಅದು ಲಂಗರಿನದಲ್ಲ, ಕೆಂಪು ಕಾಣುತ್ತಿದೆ, ತಗ್ಗಿನ ದೀಪ ಎಡಕ್ಕಿದೆ, ತೆಂಕಣ ದಿಕ್ಕಿಗೆ ಹೋಗುತ್ತಿದೆ" ಎಂದಳು. ಪಡುವಣಕ್ಕೆ ಮುಖ ಮಾಡಿ ನಿಂತವರಿಗೆ ಎಡಗಡೆ ತೆಂಕಣವೇ. ಕಾಲು ಗಂಟೆಯಲ್ಲಿ ಆ ದೀಪವು ಲಂಗರಿನ ದೀಪಗಳನ್ನು ಒಂದೊಂದಾಗಿ ದಾಟಿ ಎಡಕ್ಕೆ ಸರಿದುಹೋಯಿತು. ಅವಳು ಓದಿದ್ದು ಸರಿಯಾಗಿತ್ತು.